ಫೈಬರ್ ಕೆಲಸಕ್ಕೆ ಯಾವ ಬ್ರಶ್, ಯಾವ ರೋಲರ್, ಎಷ್ಟು ರೆಸಿನ್? ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ದೋಣಿಗಳು ಒಂದೊಂದಾಗಿ ದಡ ಹತ್ತುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ರಿಪೇರಿಗೆ ಪುರುಸೊತ್ತು ಸಿಗುವುದು ಆಗಲೇ. ಮಳೆ ಜಡಿಯುವುದೂ ಆಗಲೇ. ಹಾಗಾಗಿ ಆ ಹೊತ್ತಿಗೆ ಫೈಬರ್ ಕೆಲಸದ ಬಗ್ಗೆ ಪ್ರಶ್ನೆಗಳು ಜಾಸ್ತಿ. ಫೈಬರ್ ಕೆಲಸ ಅಂದರೆ ಗಾಜಿನ ಎಳೆಯ ಹಾಳೆಯನ್ನು (ಮ್ಯಾಟ್) ರೆಸಿನ್ ಎಂಬ ಅಂಟು ದ್ರವದಲ್ಲಿ ನೆನೆಸಿ, ಪದರ ಪದರವಾಗಿ ಗಟ್ಟಿ ಮಾಡುವುದು.

ಸಣ್ಣ ತೂತು, ಬಿರುಕು, ಅಂಚು ಒಡೆದದ್ದು, ನೀರಿನ ಟ್ಯಾಂಕ್ ಸೋರುವುದು, ಇಂಥ ಕೆಲಸವನ್ನು ಸ್ವಂತ ಕೈಯಲ್ಲಿ ಮಾಡಿಕೊಳ್ಳುವವರಿಗೆ ಈ ಉತ್ತರಗಳು. ದೋಣಿಯ ತಳವೇ ಸೀಳಿ ಹೋಗಿದ್ದರೆ, ಒಳಗಿನ ಅಡ್ಡಪಟ್ಟಿಗಳು ಬಿಟ್ಟುಕೊಂಡಿದ್ದರೆ, ದಯವಿಟ್ಟು ಅನುಭವ ಇರುವ ಮೇಸ್ತ್ರಿಯನ್ನೇ ಕರೆಯಿರಿ.

ಮೊದಲ ಸಲ ಮಾಡ್ತಿದ್ದೇನೆ. ಏನೇನು ತರಬೇಕು? ಎಲ್ಲಿ ದುಡ್ಡು ಉಳಿಸಬಹುದು?

ಬ್ರಶ್‌ನಲ್ಲಿ ಉಳಿಸಿ. ಪಾತ್ರೆಯಲ್ಲಿ ಉಳಿಸಿ. ತಕ್ಕಡಿ, ಗಾಳಿ ತೆಗೆಯುವ ಲೋಹದ ರೋಲರ್, ಮಾಸ್ಕ್, ಈ ಮೂರರಲ್ಲಿ ಮಾತ್ರ ಜಿಪುಣತನ ಬೇಡ. ಜನ ಮಾಡುವುದು ಸರಿಯಾಗಿ ಇದರ ಉಲ್ಟಾ. ದುಬಾರಿ ಬ್ರಶ್ ತಂದು, ರೆಸಿನ್ ಗಟ್ಟಿ ಮಾಡುವ ಹಾರ್ಡನರ್ ಅನ್ನು ಬಾಟಲಿ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುತ್ತಾರೆ. ಬ್ರಶ್ ಎಷ್ಟೇ ಒಳ್ಳೆಯದಿದ್ದರೂ ಸಂಜೆಗೆ ಅದು ಕಸವೇ.

ಉಳಿದಂತೆ ಬೇಕಾಗುವುದು ಇಷ್ಟು: ರೆಸಿನ್, ಹಾರ್ಡನರ್, ಮ್ಯಾಟ್, ದೊಡ್ಡ ಕತ್ತರಿ, ನಾಲ್ಕು ಇಂಚಿನ ಗ್ರೈಂಡರ್, ಉಜ್ಜುವ ಡಿಸ್ಕ್, ಗ್ಲೌಸ್, ಕಣ್ಣಿಗೆ ಕನ್ನಡಕ, ಒರೆಸಲು ತೊಳೆಯಲು ಅಸಿಟೋನ್, ಹಳೇ ಹತ್ತಿ ಬಟ್ಟೆ, ಮಾಸ್ಕಿಂಗ್ ಟೇಪ್.

ಯಾವ ಬ್ರಶ್ ಒಳ್ಳೆಯದು?

ಪ್ರಾಣಿ ಕೂದಲಿನ, ಮರದ ಹಿಡಿಯ, ಅಗ್ಗದ ಬ್ರಶ್. ಎರಡು ಇಂಚಿನದು ಹೆಚ್ಚಿನ ಕೆಲಸಕ್ಕೆ ಸಾಕು. ಮೂಲೆಗೆ ಒಂದು ಇಂಚಿನದು ಇರಲಿ. ಮೂರಕ್ಕಿಂತ ದೊಡ್ಡದು ಬೇಡ, ರೆಸಿನ್ ಕುಡಿಯುತ್ತದೆ, ಕೈ ಸೋಲುತ್ತದೆ.

ಪ್ಲಾಸ್ಟಿಕ್ ಎಳೆಯ ಬ್ರಶ್ ನಂಬಬೇಡಿ. ಫೈಬರ್ ಕೆಲಸಕ್ಕೆ ಹೆಚ್ಚಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಎಂಬ ದ್ರವ ಇರುತ್ತದೆ. ಅದು ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ, ಕರಗಿಸುತ್ತದೆ. ಹಿಡಿಗೆ ಬಣ್ಣ ಹಚ್ಚಿದ್ದರೂ ಕಷ್ಟ. ಅಸಿಟೋನ್‌ನಲ್ಲಿ ಅದ್ದಿದ ಕೂಡಲೇ ಆ ಬಣ್ಣ ಬಿಟ್ಟು ಕೈಗೂ ಕೆಲಸಕ್ಕೂ ಮೆತ್ತಿಕೊಳ್ಳುತ್ತದೆ. ಬಣ್ಣ ಇಲ್ಲದ ಬೋಳು ಮರದ ಹಿಡಿ ನೋಡಿ ತನ್ನಿ.

ಅಂಗಡಿಯಲ್ಲೇ ನಾಲ್ಕು ಕೂದಲು ಹಿಡಿದು ಎಳೆದು ನೋಡಿ. ಸುಲಭಕ್ಕೆ ಕಿತ್ತು ಬಂದರೆ ಬೇರೆ ಬ್ರಶ್ ಕೇಳಿ. ಮನೆಗೆ ತಂದ ಮೇಲೆ ಕೂದಲಿಗೆ ಮಾಸ್ಕಿಂಗ್ ಟೇಪ್ ಒತ್ತಿ ಎಳೆಯಿರಿ, ಸಡಿಲ ಇದ್ದದ್ದೆಲ್ಲ ಟೇಪಿಗೆ ಬರುತ್ತದೆ. ಪದರದ ಒಳಗೆ ಉಳಿದ ಒಂದು ಕೂದಲಿನ ಪಕ್ಕ ಗಾಳಿ ಸೇರುತ್ತದೆ, ಆಮೇಲೆ ಅಲ್ಲಿ ನೀರು ದಾರಿ ಹುಡುಕುತ್ತದೆ.

ಮೇಸ್ತ್ರಿಗಳು ಬ್ರಶ್ ಕೂದಲನ್ನು ಅರ್ಧಕ್ಕೆ ಕತ್ತರಿಸುತ್ತಾರಲ್ಲ, ಯಾಕೆ?

ಹೊಸ ಬ್ರಶ್‌ನ ಕೂದಲು ಉದ್ದ, ಮೆತ್ತಗೆ. ಬಣ್ಣ ಬಳಿಯಲು ಅದು ಸರಿ. ಫೈಬರ್ ಕೆಲಸದಲ್ಲಿ ಬಳಿಯುವುದು ಕಡಿಮೆ, ಕುಟ್ಟುವುದು ಜಾಸ್ತಿ. ಕೂದಲನ್ನು ಒಂದು, ಒಂದೂವರೆ ಇಂಚಿಗೆ ಕತ್ತರಿಸಿದರೆ ಬ್ರಶ್ ಬಿರುಸಾಗುತ್ತದೆ. ಅದನ್ನು ನೆಟ್ಟಗೆ ಹಿಡಿದು ಮ್ಯಾಟ್ ಮೇಲೆ ಟಪ್ ಟಪ್ ಎಂದು ಕುಟ್ಟುತ್ತಾ ಹೋಗಬೇಕು.

ಗೋಡೆಗೆ ಬಣ್ಣ ಹೊಡೆದ ಹಾಗೆ ಎಳೆದರೆ ಏನಾಗುತ್ತದೆ? ಮ್ಯಾಟ್ ಅಂದರೆ ಎರಡು ಇಂಚು ಉದ್ದದ ಗಾಜಿನ ಎಳೆಗಳನ್ನು ಸುಮ್ನೆ ಹರಡಿ, ತೆಳ್ಳಗಿನ ಅಂಟಿನಲ್ಲಿ ಹಿಡಿಸಿದ ಹಾಳೆ. ರೆಸಿನ್ ತಾಗಿದ ಒಂದೆರಡು ನಿಮಿಷದಲ್ಲಿ ಆ ಅಂಟು ಕರಗುತ್ತದೆ. ಆಗ ಬ್ರಶ್ ಎಳೆದರೆ ಎಳೆಗಳು ಬ್ರಶ್‌ಗೆ ಸುತ್ತಿಕೊಂಡು ಎದ್ದು ಬರುತ್ತವೆ. ಒಂದು ಕಡೆ ಗಂಟು, ಇನ್ನೊಂದು ಕಡೆ ಬೋಳು.

ಸರಿಯಾಗಿ ಆಗುತ್ತಿದೆ ಎಂದು ತಿಳಿಯುವುದು ಹೇಗೆ? ಬಣ್ಣ ನೋಡಿ. ಒಣ ಮ್ಯಾಟ್ ಬೆಳ್ಳಗೆ. ರೆಸಿನ್ ಕುಡಿದ ಕಡೆ ಬಿಳಿ ಮಾಯವಾಗಿ ಕೆಳಗಿನ ದೋಣಿಯ ಮೈ ಕಾಣಲು ಶುರುವಾಗುತ್ತದೆ. ಬಿಳಿ ಚುಕ್ಕೆ ಉಳಿದಿದ್ದರೆ ಅಲ್ಲಿ ಗಾಳಿ ಇದೆ ಅಥವಾ ರೆಸಿನ್ ಸಾಲದು. ಇನ್ನೊಂದು ವಿಷಯ: ಮ್ಯಾಟ್ ಇಡುವ ಮೊದಲು ಕೆಳಗೆ ಒಂದು ಕೋಟ್ ರೆಸಿನ್ ಬಳಿದಿರಿ. ಕೆಳಗಿನಿಂದ ಮೇಲಕ್ಕೆ ನೆನೆದರೆ ಗಾಳಿ ತಾನಾಗಿ ಹೊರಗೆ ಹೋಗುತ್ತದೆ.

ರೋಲರ್ ಎರಡೆರಡು ಯಾಕೆ?

ಕೆಲಸ ಬೇರೆ ಬೇರೆ. ಉಣ್ಣೆಯ ರೋಲರ್ ರೆಸಿನ್ ಹರಡಲು. ಮೈಮೇಲೆ ಗರಿಗಳಂಥ ಸಾಲು ಇರುವ ಅಲ್ಯುಮಿನಿಯಂ ಅಥವಾ ಉಕ್ಕಿನ ರೋಲರ್ ಗಾಳಿ ತೆಗೆಯಲು.

ಒಂದಡಿ ಚೌಕಕ್ಕಿಂತ ಸಣ್ಣ ತೇಪೆಗೆ ಉಣ್ಣೆಯ ರೋಲರ್ ಬೇಡ, ಬ್ರಶ್ ಸಾಕು. ದೊಡ್ಡ ಕೆಲಸಕ್ಕೆ ಉಣ್ಣೆಯ ರೋಲರ್ ತರುವುದಾದರೆ ಗಿಡ್ಡ ಕೂದಲಿನದು ತೆಗೆದುಕೊಳ್ಳಿ, ಉದ್ದ ಕೂದಲಿನದು ತಾನೇ ಕಾಲು ಲೋಟ ರೆಸಿನ್ ನುಂಗುತ್ತದೆ. ಲೋಹದ ರೋಲರ್ ಮಾತ್ರ ಸಣ್ಣ ಕೆಲಸಕ್ಕೂ ಬೇಕು. ಎರಡರಿಂದ ಮೂರು ಇಂಚು ಅಗಲದ್ದು ಒಂದಿದ್ದರೆ ಬಹುತೇಕ ಎಲ್ಲ ನಡೆಯುತ್ತದೆ. ಒಳ ಮೂಲೆಗಳಿಗೆ ಸಣ್ಣ ಮೂಲೆ ರೋಲರ್ ಸಿಗುತ್ತದೆ, ಅದಿಲ್ಲದಿದ್ದರೆ ಕತ್ತರಿಸಿದ ಬ್ರಶ್‌ನಲ್ಲೇ ಕುಟ್ಟಿ.

ಲೋಹದ ರೋಲರ್ ಉರುಳಿಸುವಾಗ ನಡುವಿನಿಂದ ಅಂಚಿನ ಕಡೆ ಹೋಗಿ. ಮೊದಲು ಹಗುರಕ್ಕೆ, ಆಮೇಲೆ ಸ್ವಲ್ಪ ಒತ್ತಿ. ಗಾಳಿಗುಳ್ಳೆ ಒಡೆಯುವಾಗ ಚಿಟಚಿಟ ಸದ್ದು ಬರುತ್ತದೆ. ಸದ್ದು ನಿಂತ ಮೇಲೂ ಉರುಳಿಸುತ್ತಲೇ ಇರಬೇಡಿ, ರೆಸಿನ್ ಎಲ್ಲ ಅಂಚಿಗೆ ಹೋಗಿ ನಡುವೆ ಒಣಗುತ್ತದೆ. ಭುಸಭುಸ ಎಂದು ಜೋರಾಗಿ ಉರುಳಿಸಿದರೆ ಹೊಸ ಗಾಳಿಯನ್ನೇ ಒಳಗೆ ತುಂಬಿದ ಹಾಗೆ.

ಗೋಡೆಗೆ ಬಣ್ಣ ಹೊಡೆಯುವ ಸ್ಪಾಂಜ್ ರೋಲರ್ ಇದೆ. ಅದೇ ಸಾಕಲ್ವಾ?

ಪಾಲಿಯೆಸ್ಟರ್ ರೆಸಿನ್‌ಗೆ ಸಾಲದು. ಸ್ಪಾಂಜ್ ಉಬ್ಬಿ, ಹರಿದು, ಚೂರು ಚೂರಾಗಿ ಕೆಲಸದಲ್ಲೇ ಉಳಿಯುತ್ತದೆ. ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್‌ನಲ್ಲಿ ಸ್ಟೈರೀನ್ ಇಲ್ಲ, ಅದಕ್ಕೆ ತೆಳು ಸ್ಪಾಂಜ್ ರೋಲರ್ ಚೆನ್ನಾಗಿ ಒಗ್ಗುತ್ತದೆ.

ರೆಸಿನ್ ಕಲೆಸಲು ಯಾವ ಪಾತ್ರೆ?

ಬಗ್ಗುವಂಥ ಬಿಳಿ ಪ್ಲಾಸ್ಟಿಕ್ ಡಬ್ಬಿ ಅತಿ ಅನುಕೂಲ. ಐದು ಲೀಟರಿನ ಇಂಥ ಕ್ಯಾನನ್ನು ಅಡ್ಡಕ್ಕೆ ಕತ್ತರಿಸಿ ತಟ್ಟೆಯ ಹಾಗೆ ಬಳಸಬಹುದು. ಒಳಗೆ ಗಟ್ಟಿಯಾದ ರೆಸಿನ್ ಮಾರನೇ ದಿನ ಡಬ್ಬಿ ಹಿಂಡಿದರೆ ಚಕ್ಕೆ ಚಕ್ಕೆಯಾಗಿ ಕಳಚಿ ಬರುತ್ತದೆ. ಮತ್ತೆ ಅದೇ ಡಬ್ಬಿ ಬಳಸಿ. ಎಣ್ಣೆ ಕ್ಯಾನ್ ಆಗಿದ್ದರೆ ಸೋಪಿನಲ್ಲಿ ತೊಳೆದು ಪೂರಾ ಒಣಗಿಸಿ, ಪಸೆ ಉಳಿದರೆ ರೆಸಿನ್ ಅಂಟುವುದಿಲ್ಲ.

ಥರ್ಮಾಕೋಲ್ ಲೋಟ ಬೇಡವೇ ಬೇಡ, ಕಣ್ಣೆದುರಿಗೇ ತಳ ಕರಗಿ ರೆಸಿನ್ ನೆಲಕ್ಕೆ. ಮದುವೆ ಮನೆಯ ಗಾಜಿನಂಥ ಪ್ಲಾಸ್ಟಿಕ್ ಲೋಟಗಳಲ್ಲೂ ಬಹಳಷ್ಟು ಹಾಗೇ. ಮೇಣ ಸವರಿದ ಕಾಗದದ ಲೋಟದ ಮೇಣ ರೆಸಿನ್‌ಗೆ ಸೇರುತ್ತದೆ.

ಪಾತ್ರೆ ಆಳವಾಗಿರುವುದಕ್ಕಿಂತ ಅಗಲವಾಗಿರಲಿ. ಹಾರ್ಡನರ್ ಸೇರಿದ ರೆಸಿನ್ ತಾನೇ ಬಿಸಿಯಾಗುತ್ತದೆ. ಆಳದ ಬಕೆಟ್‌ನಲ್ಲಿ ರಾಶಿ ಬಿದ್ದಿದ್ದರೆ ಆ ಬಿಸಿ ಹೊರಗೆ ಹೋಗದೆ ಏರುತ್ತಾ ಹೋಗಿ, ಹೊಗೆ ಬಂದು, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಒಮ್ಮೆಗೆ ಅರ್ಧ ಕೆಜಿಗಿಂತ ಹೆಚ್ಚು ಕಲೆಸದಿರುವುದು ಒಳ್ಳೆಯದು. ಕಲೆಸಿದ್ದು ದಪ್ಪಗಾಗಲು ಶುರುವಾಯಿತೋ, ಹಾರ್ಡನರ್ ಇಲ್ಲದ ರೆಸಿನ್ ಸೇರಿಸಿ ತೆಳು ಮಾಡಲು ಹೋಗಬೇಡಿ. ತೆರೆದ ಜಾಗದಲ್ಲಿ ಇಟ್ಟು ಹೊಸದು ಕಲೆಸಿ.

ಹಾರ್ಡನರ್ ಎಷ್ಟು ಹಾಕಬೇಕು? ಅಳೆಯುವುದು ಹೇಗೆ?

ನಮ್ಮ ಕಡೆ ಪಾಲಿಯೆಸ್ಟರ್‌ಗೆ ಹಾಕುವ ಹಾರ್ಡನರ್ ಅಂದರೆ ಎಂಇಕೆಪಿ (ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್). ರೆಸಿನ್ ತೂಕದ 1ರಿಂದ 2 ಶೇಕಡ. ಅಂದರೆ ಒಂದು ಕೆಜಿಗೆ 10ರಿಂದ 20 ಗ್ರಾಂ. ಕರಾವಳಿಯ ಸೆಕೆಯಲ್ಲಿ 10ರಿಂದ 15 ಸಾಕಾಗುತ್ತದೆ. ಡಬ್ಬಿ ಮೇಲೆ ತಯಾರಕರು ಬೇರೆ ಅಳತೆ ಬರೆದಿದ್ದರೆ ಅದೇ ಅಂತಿಮ.

"ನಿಧಾನ ಗಟ್ಟಿಯಾಗಲಿ" ಎಂದು 1 ಶೇಕಡಕ್ಕಿಂತ ಕಡಿಮೆ ಹಾಕುವವರಿದ್ದಾರೆ. ಅದು ನಿಧಾನ ಗಟ್ಟಿಯಾಗುವುದಲ್ಲ, ಪೂರ್ತಿ ಗಟ್ಟಿಯೇ ಆಗುವುದಿಲ್ಲ. ಜಾಸ್ತಿ ಹಾಕಿದರೆ ಕೈಗೆ ಸಮಯ ಸಿಗದು, ಪದರ ಬಿಸಿಯಾಗಿ ಬಿರುಕು ಬಿಡುತ್ತದೆ.

ಅಡುಗೆ ಮನೆಯ ಡಿಜಿಟಲ್ ತಕ್ಕಡಿ ರೆಸಿನ್‌ಗೆ ಸರಿ. ಆಮೇಲೆ ಅದನ್ನು ಅಡುಗೆ ಮನೆಗೆ ವಾಪಸ್ ಒಯ್ಯಬೇಡಿ. ಹಾರ್ಡನರ್‌ಗೆ ಮೆಡಿಕಲ್ ಶಾಪಿನ ಸೂಜಿ ಇಲ್ಲದ 10 ಎಂಎಲ್ ಸಿರಿಂಜ್. ಒಂದು ಎಂಎಲ್ ಹೆಚ್ಚು ಕಡಿಮೆ ಒಂದು ಗ್ರಾಂ ಎಂದುಕೊಂಡರೆ ನಮ್ಮ ಕೆಲಸಕ್ಕೆ ನಡೆಯುತ್ತದೆ. ಸಿರಿಂಜಿನ ರಬ್ಬರ್ ಬೇಗ ಉಬ್ಬುತ್ತದೆ, ಅದಕ್ಕೆ ಎರಡು ಮೂರು ತಂದಿಡಿ.

ಮೊದಲು 100 ಗ್ರಾಂ ಕಲೆಸಿ ಗಡಿಯಾರ ನೋಡಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ಜೆಲ್ ಆಗುವಂತಿದ್ದರೆ, ಅಂದರೆ ಹರಿಯುವುದು ನಿಂತು ಲೋಳೆಯಂತೆ ಗಟ್ಟಿಯಾಗತೊಡಗಿದರೆ, ಹೊಸಬರ ಕೈಗೆ ಹದ ಸರಿಯಾಗಿದೆ.

ಅಂಗಡಿಯವರು ಕೋಬಾಲ್ಟ್ ಅಂತ ಇನ್ನೊಂದು ಬಾಟಲಿ ಕೊಟ್ಟರು. ಅದೇನು?

ಇದನ್ನು ಗಮನವಿಟ್ಟು ಓದಿ. ಈ ಪುಟದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಕೋಬಾಲ್ಟ್ ಅಂದರೆ ವೇಗ ಕೊಡುವ ದ್ರವ, ನೇರಳೆ ಬಣ್ಣದ್ದು. ಹಾರ್ಡನರ್ ನೀರಿನಂತೆ ಬಣ್ಣವಿಲ್ಲದ್ದು. ಇವೆರಡನ್ನೂ ಯಾವತ್ತೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು. ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲೆಸಬೇಕು. ಅದು ಮುಗಿದ ಮೇಲೆಯೇ ಹಾರ್ಡನರ್. ಎರಡಕ್ಕೂ ಬೇರೆ ಬೇರೆ ಸಿರಿಂಜ್, ಟೇಪ್ ಸುತ್ತಿ ಗುರುತು ಮಾಡಿ. ಎರಡು ಬಾಟಲಿಯನ್ನೂ ಒಂದೇ ಡಬ್ಬದಲ್ಲಿ, ಒಂದೇ ಚೀಲದಲ್ಲಿ ಇಡಬೇಡಿ. ಬಸ್ಸಿನಲ್ಲಿ ಕಾಲ ಬುಡದಲ್ಲಿ ಇಟ್ಟುಕೊಂಡು ತರುವ ಸಾಮಾನು ಇದಲ್ಲ.

ಎಷ್ಟೋ ರೆಸಿನ್‌ಗಳಿಗೆ ಕಾರ್ಖಾನೆಯಲ್ಲೇ ಕೋಬಾಲ್ಟ್ ಹಾಕಿರುತ್ತಾರೆ. ಅವು ಸ್ವಲ್ಪ ಗುಲಾಬಿ, ನೇರಳೆ ಛಾಯೆಯಲ್ಲಿರುತ್ತವೆ. ಹಾಕದ್ದು ತೆಳು ಹಳದಿ. ಆದರೂ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಅಂಗಡಿಯಲ್ಲಿ "ಕೋಬಾಲ್ಟ್ ಸೇರಿದ್ದಾ, ಇಲ್ವಾ?" ಎಂದು ಬಾಯಿಬಿಟ್ಟು ಕೇಳಿ. ನನ್ನ ಸಲಹೆ, ಸೇರಿಸಿಯೇ ಬಂದದ್ದನ್ನು ತನ್ನಿ. ಹಾರ್ಡನರ್ ಹಾಕಿ ಕಲೆಸುವಾಗ ಆ ಗುಲಾಬಿ ಛಾಯೆ ಸಾಮಾನ್ಯವಾಗಿ ಹಸಿರುಗಂದಿಗೆ ತಿರುಗುತ್ತದೆ. ಬಣ್ಣ ಎಲ್ಲ ಕಡೆ ಒಂದೇ ಸಮ ಆಗುವವರೆಗೆ, ತಳ ಅಂಚು ಕೆರೆದು, ಒಂದೆರಡು ನಿಮಿಷ ಕಲೆಸಿ.

ಜಿಪಿ, ಐಸೋ, ಎಪಾಕ್ಸಿ, ಯಾವ ರೆಸಿನ್ ತರಲಿ?

ಜಿಪಿ (ಸಾಮಾನ್ಯ ಬಳಕೆಯದು), ಐಸೋ (ಐಸೋಫ್ತಾಲಿಕ್) ಎರಡೂ ಪಾಲಿಯೆಸ್ಟರ್ ರೆಸಿನ್‌ಗಳೇ. ನೀರಿಗೆ ತಾಗದ ಕೆಲಸಕ್ಕೆ ಜಿಪಿ. ಸದಾ ನೀರಿನಲ್ಲಿರುವ ದೋಣಿಯ ಕೆಳಮೈಗೆ ಐಸೋ, ಅದು ನೀರನ್ನು ಚೆನ್ನಾಗಿ ತಡೆಯುತ್ತದೆ. ಮರಕ್ಕೆ ಎಪಾಕ್ಸಿ. ಮರದ ಮೇಲೆ ಪಾಲಿಯೆಸ್ಟರ್ ಹಾಕಿದರೆ ಒಂದೆರಡು ವರ್ಷಕ್ಕೆ ಸಿಪ್ಪೆಯಂತೆ ಬಿಟ್ಟುಕೊಳ್ಳುವುದೇ ಹೆಚ್ಚು, ಅದರಲ್ಲೂ ಮರ ಹಸಿ ಇದ್ದರೆ ಮುಗಿಯಿತು.

ಒಂದು ನೆನಪಿರಲಿ. ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಕೂರುತ್ತದೆ. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರುವುದಿಲ್ಲ. ಒಮ್ಮೆ ಎಪಾಕ್ಸಿ ಹಾಕಿದ ಜಾಗಕ್ಕೆ ಮುಂದೆಯೂ ಎಪಾಕ್ಸಿಯೇ ಗತಿ.

ಎಪಾಕ್ಸಿಯ ಹಾರ್ಡನರ್ ಅಳತೆ ಹೆಚ್ಚು ಕಡಿಮೆ ಮಾಡುವಂತಿಲ್ಲ, ಡಬ್ಬಿ ಮೇಲಿನದೇ ಪಾಲು. ಬೇಗ ಗಟ್ಟಿಯಾಗಲಿ ಎಂದು ಜಾಸ್ತಿ ಹಾಕಿದರೆ ಹಾಳು. ಸಾಧಾರಣ ಮ್ಯಾಟ್‌ನ ಅಂಟು ಕರಗಲು ಸ್ಟೈರೀನ್ ಬೇಕು, ಎಪಾಕ್ಸಿಯಲ್ಲಿ ಅದು ಕರಗದೆ ಮ್ಯಾಟ್ ಸೆಟೆದುಕೊಂಡೇ ಇರುತ್ತದೆ. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆ ತನ್ನಿ, ಹರಡಲು ರಬ್ಬರ್ ಅಥವಾ ಪ್ಲಾಸ್ಟಿಕ್ ಪಟ್ಟಿ ಸಾಕು.

ಎಷ್ಟು ಮ್ಯಾಟ್‌ಗೆ ಎಷ್ಟು ರೆಸಿನ್?

ಮ್ಯಾಟ್ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್. ನೇಯ್ದ ರೋವಿಂಗ್‌ಗೆ, ಅಂದರೆ ಗಾಜಿನ ದಪ್ಪ ಎಳೆಗಳನ್ನು ನೇಯ್ದ ಬಟ್ಟೆಗೆ, ಹೆಚ್ಚು ಕಡಿಮೆ ಸಮಸಮ.

ಎರಡಡಿ ಉದ್ದ, ಒಂದಡಿ ಅಗಲದ ತೇಪೆ ಎಂದುಕೊಳ್ಳಿ. ಅದು ಸುಮಾರು 0.2 ಚದರ ಮೀಟರ್. 450 ಗ್ರಾಂ ಮ್ಯಾಟ್ ಅಂದರೆ ಒಂದು ಚದರ ಮೀಟರ್‌ಗೆ 450 ಗ್ರಾಂ ತೂಗುವ ಮ್ಯಾಟ್. ಮೂರು ಪದರಕ್ಕೆ 270 ಗ್ರಾಂ ಆಯಿತು. ರೆಸಿನ್ 700 ಗ್ರಾಂ ಹತ್ತಿರ. ಬ್ರಶ್, ರೋಲರ್, ಡಬ್ಬಿ ತಿನ್ನುವುದು ಸೇರಿಸಿ ಒಂದು ಕೆಜಿ ತನ್ನಿ. ಒಂದು ಪದರಕ್ಕೆ ಸುಮಾರು ಒಂದು ಮಿಲಿಮೀಟರ್ ದಪ್ಪ ಬರುತ್ತದೆ.

ರೆಸಿನ್ ಜಾಸ್ತಿಯಾದಷ್ಟೂ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಇದೆ. ಅದು ತಪ್ಪು. ಬಲ ಇರುವುದು ಗಾಜಿನ ಎಳೆಯಲ್ಲಿ. ಬರೀ ರೆಸಿನ್ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಇನ್ನು ಮ್ಯಾಟ್‌ನ ಅಂಚನ್ನು ಕತ್ತರಿಯಲ್ಲಿ ಕತ್ತರಿಸುವ ಬದಲು ಕೈಯಲ್ಲಿ ಹರಿದರೆ ಅಂಚು ತೆಳ್ಳಗಾಗಿ ಪಕ್ಕಕ್ಕೆ ಚೆನ್ನಾಗಿ ಬೆರೆಯುತ್ತದೆ.

ಮಳೆಗಾಲದಲ್ಲಿ ಫೈಬರ್ ಕೆಲಸ ಮಾಡಬಹುದಾ?

ಮಾಡಬಹುದು. ಕರಾವಳಿಯ ಜೂನ್, ಜುಲೈನಲ್ಲಿ ಚಳಿ ತೊಂದರೆ ಕೊಡುವುದಿಲ್ಲ, ತೊಂದರೆ ಕೊಡುವುದು ಥಂಡಿ, ಅಂದರೆ ಗಾಳಿಯ ಪಸೆ. ಮ್ಯಾಟ್ ಅದನ್ನು ಹೀರಿಕೊಳ್ಳುತ್ತದೆ. ಥಂಡಿ ಹಿಡಿದ ಮ್ಯಾಟ್ ನೋಡಲು ಒಣ ಮ್ಯಾಟ್‌ನಂತೆಯೇ ಇರುತ್ತದೆ. ರೆಸಿನ್ ಹಾಕಿದ ಮೇಲೆ ಹಾಲು ಬಿದ್ದಂತೆ ಬೆಳ್ಳಗೆ ನಿಲ್ಲುತ್ತದೆ, ಎಷ್ಟು ಉರುಳಿಸಿದರೂ ತಿಳಿಯಾಗುವುದಿಲ್ಲ.

ಹಾಗಾಗಿ ಮ್ಯಾಟ್ ಸುರುಳಿಯನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ನೆಲದಿಂದ ಮೇಲಿಡಿ. ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆಯಿರಿ. ಹೊಳವಾದ ದಿನ ಒಂದೆರಡು ತಾಸು ಬಿಸಿಲಿಗೆ ಹಿಡಿದರೆ ಇನ್ನೂ ಒಳ್ಳೆಯದು.

ದೋಣಿಯ ಮೈ ಒಣಗಿದೆಯೇ ಎಂದು ನೋಡಲು ಒಂದು ಸುಲಭ ದಾರಿ ಇದೆ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿ ಅಂಟಿಸಿಡಿ. ಬೆಳಿಗ್ಗೆ ಒಳಮೈಯಲ್ಲಿ ನೀರ ಹನಿ ಕೂತಿದ್ದರೆ ಇನ್ನೂ ಕಾಯಬೇಕು. ಅದಕ್ಕೂ ಮೊದಲು ಸಿಹಿ ನೀರಿನಲ್ಲಿ ಚೆನ್ನಾಗಿ ತೊಳೆದಿರಬೇಕು. ಉಪ್ಪು ಉಳಿದರೆ ಅದು ಗಾಳಿಯ ಪಸೆಯನ್ನು ಎಳೆಯುತ್ತಲೇ ಇರುತ್ತದೆ, ಎಷ್ಟು ದಿನ ಇಟ್ಟರೂ ಒಣಗುವುದಿಲ್ಲ.

ಟಾರ್ಪಾಲಿನ್ ಕಟ್ಟುವಾಗ ಮೇಲೆ ಮುಚ್ಚಿ, ಪಕ್ಕ ಬಿಡಿ. ಹಸಿ ಪದರಕ್ಕೆ ನೇರ ಫ್ಯಾನ್ ಹಿಡಿಯಬೇಡಿ, ಸ್ಟೈರೀನ್ ಹಾರಿ ಮೇಲ್ಮೈ ಹಸಿಯಾಗಿಯೇ ಉಳಿಯುತ್ತದೆ. ಫ್ಯಾನ್ ಬೇಕಿದ್ದರೆ ವಾಸನೆಯನ್ನು ಹೊರಗೆ ತಳ್ಳುವಂತೆ ಇಡಿ. ಎಪಾಕ್ಸಿಯಾದರೆ ಥಂಡಿಯಲ್ಲಿ ಮೇಲೆ ಜಿಡ್ಡಿನಂಥ ಪೊರೆ ಬರಬಹುದು. ಗಟ್ಟಿಯಾದ ಮೇಲೆ ನೀರಿನಲ್ಲಿ ಉಜ್ಜಿ ತೊಳೆದರೆ ಹೋಗುತ್ತದೆ. ತೊಳೆಯದೆ ಮುಂದಿನ ಕೋಟ್ ಹಾಕಬೇಡಿ.

ಹಳೇ ಫೈಬರ್ ಮೇಲೆ ಹಾಗೇ ಮ್ಯಾಟ್ ಅಂಟಿಸಬಹುದಾ?

ಇಲ್ಲ. ಬಣ್ಣ, ಜೆಲ್‌ಕೋಟ್ (ಫೈಬರ್ ಮೇಲಿನ ನುಣುಪಾದ ಹೊರಪದರ) ಎಲ್ಲ ಹೋಗಿ ಗಾಜಿನ ಎಳೆ ಕಾಣುವ ತನಕ 40 ಅಥವಾ 60 ನಂಬರ್ ಡಿಸ್ಕ್‌ನಲ್ಲಿ ಉಜ್ಜಬೇಕು. ತೂತಿನ ಸುತ್ತ ಇಳಿಜಾರು ಮಾಡಬೇಕು, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. ಐದು ಮಿಲಿಮೀಟರ್ ದಪ್ಪದ ಮೈಗೆ ಸುತ್ತಲೂ ಆರು ಸೆಂಟಿಮೀಟರ್. ಬೆರಳುದ್ದದ ತೂತಿಗೆ ಇಷ್ಟಗಲ ಕೆರೆಯಬೇಕಾ ಎಂದು ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಅಲೆಯ ಹೊಡೆತಕ್ಕೆ ತೇಪೆ ನಿಲ್ಲುವುದು ಆ ಇಳಿಜಾರಿನ ಹಿಡಿತದಲ್ಲೇ. ಅಸಿಟೋನ್ ಒರೆಸುವುದು ಉಜ್ಜುವ ಮೊದಲೂ ಇರಲಿ, ನಂತರವೂ ಇರಲಿ. ಮೊದಲು ಒರೆಸದಿದ್ದರೆ ಮೇಲಿನ ಎಣ್ಣೆ, ಮೇಣವನ್ನು ಡಿಸ್ಕ್ ಒಳಗೇ ತಿಕ್ಕುತ್ತದೆ.

ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದಾ?

ಸಾಲದು. ಧೂಳಿನ ಮಾಸ್ಕ್ ಕೂಡ ರೆಸಿನ್ ವಾಸನೆಗೆ ಉಪಯೋಗವಿಲ್ಲ. ಅದಕ್ಕೆ ಇದ್ದಿಲಿನ ಡಬ್ಬಿ ಕೂರಿಸಿದ, ಸಾವಯವ ಆವಿ ತಡೆಯುವ ಮಾಸ್ಕ್ ಬೇಕು. ಉಜ್ಜುವಾಗ ಎನ್95 ಅಥವಾ ಅದಕ್ಕಿಂತ ಒಳ್ಳೆಯದು. ದೋಣಿಯ ಮೀನಿನ ಕೋಣೆಯೊಳಗೆ ಇಳಿದು ಒಬ್ಬರೇ ಕೆಲಸ ಮಾಡಬೇಡಿ, ಮೇಲೆ ಒಬ್ಬರು ನಿಂತಿರಲಿ.

ಕನ್ನಡಕ ಹಾಕದೆ ಹಾರ್ಡನರ್ ಬಾಟಲಿ ಮುಟ್ಟಬೇಡಿ. ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೇ ಕುತ್ತು. ಬಿದ್ದರೆ ಆ ಕ್ಷಣವೇ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು, ಆಮೇಲೆ ಆಸ್ಪತ್ರೆಗೆ ಓಡಿ. ತೊಳೆಯದೆ ಓಡಬೇಡಿ. ಕಲೆಸುವ ಜಾಗದಲ್ಲಿ ಒಂದು ಕೊಡ ನೀರು ಮೊದಲೇ ತುಂಬಿಟ್ಟಿರಿ.

ಕೈಗೆ ನೈಟ್ರೈಲ್ ಗ್ಲೌಸ್, ಜಿಗುಟಾದ ಕೂಡಲೇ ಬದಲಿಸಿ. ತೆಳು ಬಿಳಿ ರಬ್ಬರ್ ಗ್ಲೌಸ್ ಸ್ಟೈರೀನ್ ತಡೆಯುವುದಿಲ್ಲ. ಮೈ ತುರಿಸಿದರೆ ತಣ್ಣೀರು ಸುರಿದುಕೊಳ್ಳಿ, ತಿಕ್ಕಬೇಡಿ.

ಬ್ರಶ್, ರೋಲರ್ ತೊಳೆಯುವುದು ಹೇಗೆ?

ರೆಸಿನ್ ಜೆಲ್ ಆಗುವ ಮೊದಲು ಅಸಿಟೋನ್‌ನಲ್ಲಿ. ಗಟ್ಟಿಯಾದ ಮೇಲೆ ಅಸಿಟೋನ್ ಕೆಲಸ ಮಾಡದು. ಪದರಗಳ ನಡುವೆ ಬ್ರಶ್ಶನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಅದ್ದಿಡಬಹುದು. ಮತ್ತೆ ಬಳಸುವ ಮುಂಚೆ ಚೆನ್ನಾಗಿ ಹಿಂಡಿ, ಬಟ್ಟೆಗೆ ಒತ್ತಿ ಒಣಗಿಸಿ. ರೆಸಿನ್‌ಗೆ ಅಸಿಟೋನ್ ಸೇರಿದರೆ ಪದರ ಮೆತ್ತಗಾಗುತ್ತದೆ. ಲೋಹದ ರೋಲರ್‌ನ ಗರಿಗಳ ನಡುವೆ ಹಳೇ ಹಲ್ಲುಜ್ಜುವ ಬ್ರಶ್ ಹಾಕಿ ತಿಕ್ಕಿ, ಹಿಡಿಯ ತಿರುಪು ಬಿಚ್ಚಿ ಒಳಗೂ ನೋಡಿ.

ಅಸಿಟೋನ್ ಪೆಟ್ರೋಲಿನಷ್ಟೇ ಬೇಗ ಬೆಂಕಿ ಹಿಡಿಯುತ್ತದೆ. ಪಕ್ಕದಲ್ಲಿ ಬೀಡಿ ಹಚ್ಚುವವರನ್ನು ಮುಲಾಜಿಲ್ಲದೆ ಎಬ್ಬಿಸಿ ಕಳಿಸಿ. ಹಾರ್ಡನರ್ ಒರೆಸಿದ ಬಟ್ಟೆ ತಾನಾಗಿಯೇ ಹತ್ತಿಕೊಳ್ಳಬಹುದು, ನೀರಿನಲ್ಲಿ ನೆನೆಸಿಯೇ ಎಸೆಯಿರಿ.

ಎರಡು ದಿನವಾದರೂ ಮೇಲೆ ಅಂಟು ಅಂಟು. ರೆಸಿನ್ ಹಾಳಾ?

ಬಹುಶಃ ಅಲ್ಲ. ಗಾಳಿ ತಾಗುವ ಕಡೆ ಪಾಲಿಯೆಸ್ಟರ್ ಸ್ವಲ್ಪ ಜಿಗುಟಾಗಿಯೇ ಉಳಿಯುತ್ತದೆ, ಅದು ಅದರ ಗುಣ. ಮುಂದಿನ ಪದರ ಹಿಡಿಯಲು ಅದರಿಂದ ಅನುಕೂಲವೇ. ಕೊನೆಯ ಕೋಟ್‌ಗೆ ಮೇಣ ಸೇರಿದ ಟಾಪ್‌ಕೋಟ್ ಬಳಸಿ. ಉಗುರು ಒತ್ತಿದರೆ ಒಳಗೂ ಮೆತ್ತಗಿದ್ದರೆ ಮಾತ್ರ ಹಾರ್ಡನರ್ ಕಡಿಮೆಯಾಗಿದೆ ಅಥವಾ ಸರಿಯಾಗಿ ಕಲೆತಿಲ್ಲ. ಅದನ್ನು ಕೆರೆದು ತೆಗೆಯುವುದೇ ದಾರಿ.

ನಾವು ಶಿರಸಿಯವರು. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಿರುಕು ಬಿಟ್ಟಿದೆ. ಇದೇ ರೆಸಿನ್ ಹಾಕಬಹುದಾ?

ಬೇಡ. ದೋಟಿಗೆ ಎಪಾಕ್ಸಿ ಮತ್ತು ಕಾರ್ಬನ್ ಬಟ್ಟೆಯೇ ಸರಿ. ಹೊರಗಿನಿಂದ ಸುತ್ತಿದರೆ ಕೊಳವೆ ದಪ್ಪಗಾಗಿ ಒಂದರೊಳಗೊಂದು ಜಾರುವುದಿಲ್ಲ, ಅದೂ ಒಂದು ತಲೆನೋವು. ಬಿರುಕು ಕ್ಲಾಂಪಿನ ಹತ್ತಿರ ಇದ್ದರೆ ಆ ತುಂಡನ್ನೇ ಬದಲಿಸುವುದು ವಾಸಿ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಮೇಲಿನ ಬಣ್ಣ, ಹೊದಿಕೆ ಎದ್ದು ಹೋದ ದೋಟಿಯನ್ನಂತೂ ಕರೆಂಟ್ ತಂತಿ ಇರುವ ಕಡೆ ಎತ್ತಲೇಬೇಡಿ. ಹೊಸ ದೋಟಿಯನ್ನೂ ಎತ್ತಬೇಡಿ.

ಉಳಿದ ರೆಸಿನ್ ಮುಂದಿನ ವರ್ಷಕ್ಕೆ ಆಗುತ್ತದಾ?

ಪಾಲಿಯೆಸ್ಟರ್ ಆಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ತಂಪಿನಲ್ಲಿಟ್ಟರೂ ಅದರ ಆಯುಷ್ಯ ಕೆಲವೇ ತಿಂಗಳು, ನಮ್ಮ ಏಪ್ರಿಲ್ ಮೇ ಸೆಕೆಯಲ್ಲಿ ಇನ್ನೂ ಕಡಿಮೆ. ಕೊಳ್ಳುವಾಗಲೇ ಡಬ್ಬಿ ಮೇಲಿನ ತಾರೀಖು ನೋಡಿ. ಬಿಡಿಯಾಗಿ ಅಳೆದು ಕೊಡುವ ಅಂಗಡಿಯಾದರೆ ಡ್ರಮ್ಮಿನ ತಾರೀಖು ತೋರಿಸಲು ಹೇಳಿ. ಹಾರ್ಡನರ್ ಅದರ ಮೂಲ ಪ್ಲಾಸ್ಟಿಕ್ ಬಾಟಲಿಯಲ್ಲೇ ಇರಲಿ, ಲೋಹದ ಡಬ್ಬಿಗೆ ಸುರಿಯಬೇಡಿ, ಖಾಲಿ ನೀರಿನ ಬಾಟಲಿಗಂತೂ ಬೇಡ. ಮಕ್ಕಳು ಕುಡಿದಾರು.